ಐದು ಕಿಲೋಓಮ್ ಎಂಬ ಒಂದು ಸಾಲು

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಉಡುಪಿಯ ಈ ಸಭಾಂಗಣ ತುಂಬಿದೆ. ಮಣಿಪಾಲದಿಂದ ಬಸ್ಸು ಹಿಡಿದು ಬಂದ ವಿದ್ಯಾರ್ಥಿಗಳೇ ಹೆಚ್ಚು ಕಾಣುತ್ತಿದ್ದೀರಿ. ಬಹಳ ಸಂತೋಷ.

ಮಿದುಳು-ನರಗಳ ಜೊತೆ ಯಂತ್ರಗಳನ್ನು ಬೆಸೆಯುವ ನ್ಯೂರಲ್ ಎಂಜಿನಿಯರಿಂಗ್‌ನಲ್ಲಿ ಪಿಎಚ್‌ಡಿ ಮಾಡಬೇಕೆಂದಿರುವವರು ನನ್ನನ್ನು ಮೊದಲು ಕೇಳುವುದು, "ಸರ್, ಆ ಗೈಡ್‌ಗೆ ಎಷ್ಟು ಪೇಪರ್ ಉಂಟು? ಎಚ್-ಇಂಡೆಕ್ಸ್ ಎಷ್ಟು?" ಎಂದು. ಎಚ್-ಇಂಡೆಕ್ಸ್ 2005ರಲ್ಲಿ ಹಿರ್ಶ್ ಎಂಬ ಭೌತವಿಜ್ಞಾನಿ ಕೊಟ್ಟ ಲೆಕ್ಕ. ಅದು 20 ಇದೆಯೆಂದರೆ, ತಲಾ 20 ಸಲವಾದರೂ ಬೇರೆಯವರು ಉಲ್ಲೇಖಿಸಿದ 20 ಪ್ರಬಂಧಗಳು ಅವರಿಗಿವೆ ಎಂದರ್ಥ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ನಾನು ಪ್ರಬಂಧಗಳ ಪಟ್ಟಿಯಲ್ಲಿ ಮೊದಲು ಹುಡುಕುವುದು ಏನೂ ಪ್ರಕಟವಾಗದೆ ಖಾಲಿ ಹೋದ ವರ್ಷಗಳನ್ನು.

ಜರ್ಮನಿಯ ಯೇನಾದಲ್ಲಿ ಹಾನ್ಸ್ ಬರ್ಗರ್ ಮನುಷ್ಯನ ಇಇಜಿಯನ್ನು, ಅಂದರೆ ಮಿದುಳಿನ ವಿದ್ಯುತ್ ಅಲೆಗಳನ್ನು, ಮೊದಲು ದಾಖಲಿಸಿದ್ದು 1924ರಲ್ಲಿ. ಪ್ರಕಟಿಸಿದ್ದು 1929ರಲ್ಲಿ. ಈ ಅಲೆ ನಿಜಕ್ಕೂ ಮಿದುಳಿನದೋ, ಹೃದಯದ್ದು ಬಂದು ಸೇರಿತೋ, ಉಪಕರಣದ ದೋಷವೋ ಎಂಬ ಅನುಮಾನ ಅವರನ್ನು ಬಿಡಲಿಲ್ಲ. ತಮ್ಮ ಮಗನ ತಲೆಗೂ ವಿದ್ಯುತ್ ಸಂಕೇತ ಹಿಡಿಯುವ ಎಲೆಕ್ಟ್ರೋಡ್ ಹಚ್ಚಿ ನೋಡಿದರು. ಇಂದಿನ ಮೌಲ್ಯಮಾಪನದ ಫಾರಂನಲ್ಲಿ ಆ ಕೆಲಸಕ್ಕೆ ಐದು ವರ್ಷವೂ ಸೊನ್ನೆಯೇ ಬೀಳುತ್ತಿತ್ತು. ನನಗೆ ಆ ಸೊನ್ನೆಗಳ ಮೇಲೆ ತುಂಬ ಗೌರವ.

ಇನ್ನೊಂದು ಉದಾಹರಣೆ. 1969ರಲ್ಲಿ ನರವಿಜ್ಞಾನಿ ಎಬರ್‌ಹಾರ್ಡ್ ಫೆಟ್ಸ್ ಒಂದು ಪ್ರಬಂಧ ಪ್ರಕಟಿಸಿದರು. ಆಹಾರದ ಆಸೆಗೆ ಕೋತಿಯೊಂದು ತನ್ನ ಮಿದುಳಿನ ಒಂದೇ ನರಕೋಶದ ಮಿಡಿತವನ್ನು ಬೇಕೆಂದೇ ಹೆಚ್ಚಿಸಲು ಕಲಿಯಬಲ್ಲದು ಎಂದು ಅದರಲ್ಲಿ ತೋರಿಸಿದರು. ಪಾರ್ಶ್ವವಾಯು ಬಡಿದು ಸುಮಾರು 15 ವರ್ಷದಿಂದ ಕೈ ಆಡಿಸಲಾಗದ ಮಹಿಳೆ ಬರೀ ಯೋಚನೆಯಿಂದ ಯಂತ್ರದ ಕೈಯನ್ನು ನಡೆಸಿ ಕಾಫಿ ಕುಡಿದರೆಂಬ ವರದಿ ಬಂದದ್ದು 2012ರಲ್ಲಿ. ಆ ಪ್ರಬಂಧದಲ್ಲಿ ನನ್ನ ಕಣ್ಣು ನಿಂತದ್ದು ಕಾಫಿಯ ಮೇಲಲ್ಲ. ಆಕೆಯ ಮಿದುಳಿನಲ್ಲಿ ಸಂಕೇತ ಹಿಡಿಯುವ 96 ಸೂಜಿಗಳ ಪುಟ್ಟ ಫಲಕ ಕೂತು ಆಗಲೇ ಐದು ವರ್ಷ ದಾಟಿತ್ತು! ಎಲೆಕ್ಟ್ರೋಡ್ ಒಳಹೋದರೆ ಮಿದುಳು ಸುಮ್ಮನಿರುವುದಿಲ್ಲ. ನರಕೋಶಗಳಿಗೆ ಆಸರೆಯಾಗಿರುವ ಗ್ಲಿಯಾ ಕೋಶಗಳು ಬಂದು ಸುತ್ತುವರಿದು ಕಲೆ ಕಟ್ಟುತ್ತವೆ, ದಿನ ಕಳೆದಂತೆ ಸಂಕೇತ ಕ್ಷೀಣಿಸುತ್ತದೆ. ಐದು ವರ್ಷದ ಮೇಲೂ ಕೆಲಸ ಮಾಡಿತು ಎಂದು ಬರೆಯಬೇಕಾದರೆ ಐದು ವರ್ಷ ಕಾಯಲೇಬೇಕು. ಅದಕ್ಕೆ ಅಡ್ಡದಾರಿ ಇಲ್ಲ.

ಪ್ರಬಂಧದ ಮೇಲೆ ಲೇಖಕರ ಹೆಸರುಗಳ ಕ್ರಮ ನಿಮಗೆ ಗೊತ್ತೇ ಇದೆ: ಸಾಮಾನ್ಯವಾಗಿ ಕೈಯಾರೆ ಕೆಲಸ ಮಾಡಿದವರು ಮೊದಲು, ಪ್ರಯೋಗಾಲಯದ ಮುಖ್ಯಸ್ಥರು ಕೊನೆಗೆ. ಪ್ರಯೋಗಕ್ಕೆ ತಲೆ ಕೊಟ್ಟವರ ಹೆಸರು ಎಲ್ಲೂ ಇರುವುದಿಲ್ಲ, ಗೋಪ್ಯತೆಗಾಗಿ ಇರಲೂಬಾರದು.

ನಾನು ಇಇಜಿ ಕಲಿಯುತ್ತಿದ್ದ ಕಾಲದ ಮಾತು. ನೆತ್ತಿಯ ಮೇಲೆ ಸಿಗುವ ಸಂಕೇತ ಮೈಕ್ರೋವೋಲ್ಟ್‌ಗಳ ಲೆಕ್ಕದ್ದು. ಚರ್ಮಕ್ಕೂ ಎಲೆಕ್ಟ್ರೋಡಿಗೂ ನಡುವೆ ವಿದ್ಯುತ್ತಿಗೆ ತಡೆ ಹೆಚ್ಚಾದರೆ ಗೋಡೆಯ ವೈರಿನ 50 ಹರ್ಟ್ಸ್ ಗದ್ದಲವೇ ಪರದೆ ತುಂಬುತ್ತದೆ. ಹಾಗಾಗಿ ತಡೆ 5 ಕಿಲೋಓಮ್ ಒಳಗಿರಬೇಕೆಂಬುದು ರೂಢಿ. ಅಂದು ಪ್ರಯೋಗಕ್ಕೆ ಬಂದವರು ಕಾಪು ಕಡೆಯ ಒಬ್ಬ ಅಜ್ಜಿ. ತಲೆಗೆ ಚೆನ್ನಾಗಿ ತೆಂಗಿನೆಣ್ಣೆ ಹಾಕಿ, ಬಾಚಿ, ಮಲ್ಲಿಗೆ ಮುಡಿದು ಬಂದಿದ್ದರು. ನಮ್ಮೂರಲ್ಲಿ ಯಾರನ್ನಾದರೂ ಕಾಣಲು ಹೋಗುವುದೆಂದರೆ ಹಾಗೆಯೇ ಅಲ್ಲವೇ? ಸ್ಪಿರಿಟ್ ಹಚ್ಚಿ ಉಜ್ಜಿದೆ, ಜೆಲ್ ತುಂಬಿದೆ. ಮೀಟರ್ 40ರಿಂದ ಕೆಳಗಿಳಿಯಲಿಲ್ಲ. ಎಣ್ಣೆ ಹಾಕದೆ ಬರಬೇಕೆಂದು ಮೊದಲೇ ಹೇಳದೇ ಇದ್ದದ್ದು ನನ್ನ ತಪ್ಪು. ಒಂದೂವರೆ ಗಂಟೆ ಕೂತಿದ್ದ ಅಜ್ಜಿ ಮಾತ್ರ, "ಆಯ್ತು ಮಗಾ, ಬರುವ ವಾರ ಸೀಗೆಪುಡಿ ಹಾಕಿ ತಲೆ ಮಿಂದು ಬರ್ತೇನೆ" ಎಂದರು. ಬಂದರು. ಎಲ್ಲ ಎಲೆಕ್ಟ್ರೋಡುಗಳೂ 5ರೊಳಗೆ ಇಳಿದವು.

ಪ್ರಬಂಧ ಅಚ್ಚಾಗಲು ಮತ್ತೆ ಎರಡು ವರ್ಷ ಹಿಡಿಯಿತು. ಒಂದು ಪ್ರತಿ ತೆಗೆದುಕೊಂಡು ಅವರ ಮನೆಗೆ ಹೋದೆ. ಪುಟ ತಿರುವಿ, "ಇದರಲ್ಲಿ ನಾನು ಎಲ್ಲಿದ್ದೇನೆ ಮಗಾ?" ಎಂದು ಕೇಳಿದರು. 'ತಡೆಯನ್ನು 5 ಕಿಲೋಓಮ್‌ಗಿಂತ ಕಡಿಮೆ ಇರಿಸಲಾಗಿತ್ತು' ಎಂಬರ್ಥದ ಇಂಗ್ಲಿಷ್ ಸಾಲಿನ ಕೆಳಗೆ ಬೆರಳಿಟ್ಟು ತೋರಿಸಿದೆ. ಅಜ್ಜಿ ಕನ್ನಡಕ ಹಾಕಿಕೊಂಡು ಆ ಸಾಲನ್ನು ಬಹಳ ಹೊತ್ತು ನೋಡಿದರು.