ಬಸ್ಸಲ್ಲೇ ಕಳೆಯೋ ಹಾಕಿ ಸೀಸನ್

ನಮಸ್ಕಾರ ಕೇಳುಗರೇ. ಹಾಕಿ ಅಂದ ತಕ್ಷಣ ನಮಗೆ ಕೊಡಗು ನೆನಪಾಗುತ್ತೆ, ಆದ್ರೆ ಇವತ್ತು ನಾನು ಹೇಳೋಕೆ ಹೊರಟಿರೋದು ಐಸ್ ಹಾಕಿ ಬಗ್ಗೆ, ಅದರಲ್ಲೂ ಕೆನಡಾದ ಪಶ್ಚಿಮ ಭಾಗದ ವೆಸ್ಟರ್ನ್ ಹಾಕಿ ಲೀಗ್ ಬಗ್ಗೆ.

ಇದು ಜೂನಿಯರ್ ಲೀಗ್, 16ರಿಂದ 20 ವರ್ಷದ ಹುಡುಗರದ್ದು. ಸೆಪ್ಟೆಂಬರ್‌ನಲ್ಲಿ ಶುರುವಾದ್ರೆ ಮಾರ್ಚ್‌ವರೆಗೆ ಒಂದೊಂದು ಟೀಮಿಗೂ 68 ಮ್ಯಾಚು, ಆಮೇಲೆ ಪ್ಲೇಆಫ್. ಮ್ಯಾನಿಟೋಬಾದ ಬ್ರ್ಯಾಂಡನ್ ಟೀಮು ವಿಕ್ಟೋರಿಯಾಗೆ ಹೋಗ್ಬೇಕು ಅಂದ್ರೆ ಎರಡು ಸಾವಿರ ಕಿಲೋಮೀಟರ್‌ಗೂ ಜಾಸ್ತಿ ದಾರಿ, ಪರ್ವತ ದಾಟಿ, ಕೊನೆಗೆ ಫೆರಿ ಹತ್ತಿ ದ್ವೀಪಕ್ಕೆ ಹೋಗ್ಬೇಕು. ಓದೋದು, ನಿದ್ದೆ, ಊಟ ಎಲ್ಲ ಬಸ್ಸಲ್ಲೇ, ಹೊರಗೆ ನೋಡಿದ್ರೆ ಮೈನಸ್ 30 ಡಿಗ್ರಿ ಚಳಿ. ಆ ರೋಡುಗಳು ಹುಡುಗಾಟ ಅಲ್ಲ ಕಣ್ರೀ, 1986ರ ಡಿಸೆಂಬರ್ 30ರಂದು ಸ್ವಿಫ್ಟ್ ಕರೆಂಟ್ ಟೀಮಿನ ಬಸ್ಸು ಮಂಜುಗಟ್ಟಿದ ರಸ್ತೆಯಲ್ಲಿ ಜಾರಿ ನಾಲ್ಕು ಆಟಗಾರರು ತೀರಿಹೋದ್ರು. ಅದೇ ಟೀಮು 1989ರಲ್ಲಿ ಇಡೀ ಕೆನಡಾದ ಜೂನಿಯರ್ ಕಿರೀಟ, ಮೆಮೋರಿಯಲ್ ಕಪ್ ಗೆದ್ದಿತು.

ಮನೆ ಬಿಟ್ಟು ಬಂದ ಹುಡುಗರು ಇರೋದು ಬಿಲೆಟ್ ಮನೆಗಳಲ್ಲಿ. ಅಂದ್ರೆ ಊರಿನ ಯಾವುದೋ ಕುಟುಂಬ ರೂಮು ಕೊಟ್ಟು, ಊಟ ಹಾಕಿ, ಬೆಳಿಗ್ಗೆ ಎಬ್ಬಿಸಿ ಸ್ಕೂಲಿಗೆ ಕಳಿಸುತ್ತೆ, ನಮ್ಮಲ್ಲಿ ಹಿಂದೆ ವಾರಾನ್ನ ಹಾಕ್ತಿದ್ರಲ್ಲ, ಹೆಚ್ಚುಕಮ್ಮಿ ಹಂಗೆ. ಹುಡುಗ ಆ ಮನೆಗೆ ಒಗ್ಗಿಕೊಳ್ಳೋ ಹೊತ್ತಿಗೆ ಜನವರಿ ಬರುತ್ತೆ, ಟ್ರೇಡ್ ಡೆಡ್‌ಲೈನು, ಅಂದ್ರೆ ಟೀಮುಗಳು ಆಟಗಾರರನ್ನ ಅದಲುಬದಲು ಮಾಡ್ಕೊಳ್ಳೋಕೆ ಕೊನೇ ದಿನ, ಕೋಚ್ ಕರೆದು ನಿನ್ನನ್ನ ಬೇರೆ ಟೀಮಿಗೆ ಕೊಟ್ವಿ ಅಂತಾರೆ, ಕಿಟ್ ಬ್ಯಾಗು, ಸ್ಟಿಕ್ಕು ಎತ್ಕೊಂಡು ಹೊರಡ್ಬೇಕು. ಇಷ್ಟು ಚಿಕ್ಕ ಹುಡುಗರನ್ನ ವರ್ಷದ ಮಧ್ಯೆ ಹಿಂಗೆ ಊರು ಬದಲಿಸೋದು ನನಗಂತೂ ಸರಿ ಅನ್ಸಲ್ಲ, ಅಲ್ಲಿಯವರಿಗೆ ಇದು ಮಾಮೂಲು.

ಒಂದು ಸೀಸನ್ ಹೇಳಿ ಅಂದ್ರೆ ನಾನು 2022-23 ಅಂತೀನಿ, ರೆಜೈನಾ ಪ್ಯಾಟ್ಸ್ ಟೀಮಿನ ಕಾನರ್ ಬೆಡಾರ್ಡ್ ವರ್ಷ. ಈ ಲೀಗ್‌ನಲ್ಲಿ 15ನೇ ವಯಸ್ಸಿಗೇ ಪೂರ್ತಿ ಸೀಸನ್ ಆಡೋಕೆ ವಿಶೇಷ ಅನುಮತಿ ಸಿಕ್ಕಿದ ಮೊದಲ ಹುಡುಗ ಇವನೇ. ಆ ಸೀಸನ್ ಮಧ್ಯದಲ್ಲಿ ವಿಶ್ವ ಜೂನಿಯರ್ ಟೂರ್ನಿಗೆ ಹೋಗಿ ಕೆನಡಾಗೆ ಚಿನ್ನ ತಂದು ಬಂದ, ಹಂಗಾಗಿ ಲೀಗ್‌ನಲ್ಲಿ ಆಡಿದ್ದು 57 ಮ್ಯಾಚು, ಅಷ್ಟರಲ್ಲೇ 71 ಗೋಲು, 72 ಅಸಿಸ್ಟು, ಅಂದ್ರೆ ಬೇರೆಯವರ ಗೋಲಿಗೆ ಕೊಟ್ಟ ಪಾಸು! ಎದುರಾಳಿ ಊರಿನವರೂ ಇವನನ್ನ ನೋಡೋಕೇ ಟಿಕೆಟ್ ತಗೊಳ್ಳೋರು. ಅವನ ಶಾಟ್ ನೋಡ್ಬೇಕು ನೀವು, ಪಕ್, ಅಂದ್ರೆ ಚೆಂಡಿನ ಬದಲು ಇರೋ ರಬ್ಬರ್ ಬಿಲ್ಲೆನ, ಕಾಲ ಹತ್ರಕ್ಕೆ ಸ್ವಲ್ಪ ಎಳ್ಕೊಂಡು ಕೋನ ಬದಲಿಸಿ ಬಿಡ್ತಾನೆ, ಗೋಲ್‌ಕೀಪರ್ ಕೂತ ಕಡೆಯಿಂದ ಏಳೋದ್ರೊಳಗೆ ಬಲೆ ಅಲ್ಲಾಡಿರುತ್ತೆ.

ಆದ್ರೂ ಪ್ಯಾಟ್ಸ್ ಪ್ಲೇಆಫ್‌ನ ಮೊದಲ ರೌಂಡಲ್ಲೇ ಔಟ್. ಸಾಸ್ಕಟೂನ್ ಬ್ಲೇಡ್ಸ್ ಎದುರು ಏಳನೇ ಮ್ಯಾಚ್‌ವರೆಗೂ ಎಳೆದು ಸೋತ್ರು, ಬೆಡಾರ್ಡ್ ಒಬ್ಬನೇ ಆ ಏಳು ಮ್ಯಾಚಲ್ಲಿ ಗೋಲು, ಅಸಿಸ್ಟು ಸೇರಿ 20 ಪಾಯಿಂಟ್ ಮಾಡಿದ್ರೂನೂ. ಜೂನ್‌ನಲ್ಲಿ, ಉತ್ತರ ಅಮೆರಿಕದ ದೊಡ್ಡ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನ ಟೀಮುಗಳು ಸರದಿಯಲ್ಲಿ ಹೊಸ ಹುಡುಗರನ್ನ ಆರಿಸೋ ಡ್ರಾಫ್ಟ್‌ನಲ್ಲಿ, ಶಿಕಾಗೋ ಬ್ಲ್ಯಾಕ್‌ಹಾಕ್ಸ್ ಅವನನ್ನ ಎಲ್ಲರಿಗಿಂತ ಮೊದಲು ತಗೊಂಡ್ರು, ಅವನ ದಾರಿ ಸುಗಮ. ಉಳಿದೋರು? 20 ತುಂಬಿದ ಹುಡುಗರಿಗೆ ಸೋತ ರಾತ್ರಿನೇ ಜೂನಿಯರ್ ಹಾಕಿ ಮುಗೀತು. ಅವರಲ್ಲಿ ಸುಮಾರು ಜನಕ್ಕೆ ಎನ್‌ಎಚ್‌ಎಲ್ ಸಿಗಲ್ಲ, ಸಿಗೋದು ಆಡಿದ ಒಂದೊಂದು ಸೀಸನ್‌ಗೆ ಒಂದೊಂದು ವರ್ಷದ ಕಾಲೇಜು ಸ್ಕಾಲರ್‌ಶಿಪ್ಪು. ಎಷ್ಟೋ ಜನ ಅದನ್ನೇ ಹಿಡ್ಕೊಂಡು ಯೂನಿವರ್ಸಿಟಿ ಸೇರಿ ಅಲ್ಲಿನ ಟೀಮಲ್ಲಿ ಆಡ್ತಾ ಡಿಗ್ರಿ ಮುಗಿಸ್ತಾರೆ. ನಮಸ್ಕಾರ.