ಹತ್ತರ ಕೈ: ಕೂರಬೇಕಾ, ಒಡೆಯಬೇಕಾ?

ನಮಸ್ಕಾರ. ಇವತ್ತು ಇಸ್ಪೀಟಿನ ಮಾತು. ಮನೆಯಲ್ಲಿ ಹಿರಿಯರು ಇದ್ದರೆ ಸೌಂಡ್ ಸ್ವಲ್ಪ ಕಮ್ಮಿ ಮಾಡಿಕೊಳ್ಳಿ.

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಮನೆಯಲ್ಲಿ ಭಾನುವಾರ ಸಂಜೆ ನಾಲ್ಕೈದು ಜನ ಕನ್ನಡದವರು ಸೇರುತ್ತೇವೆ. ಆಟ ಲೋಬಾಲ್ ಪೋಕರ್, ಅದರಲ್ಲೂ ಎರಡು-ಏಳು ಟ್ರಿಪಲ್ ಡ್ರಾ. ಪಣ ಹುಣಸೆ ಬೀಜ. ಆ್ಯಪ್‌ನಲ್ಲಿ ದುಡ್ಡು ಕಟ್ಟಿ ಆಡುವುದಕ್ಕೆ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಾಗಿಲು ಹಾಕಿತು. ಹುಣಸೆ ಬೀಜದ ತಂಟೆಗೆ ಇನ್ನೂ ಯಾರೂ ಬಂದಿಲ್ಲ.

ತೀನ್ ಪತ್ತಿಯಲ್ಲಿ ಮುಫ್ಲಿಸ್ ಆಡಿದವರಿಗೆ ಇದು ಬೇಗ ಹಿಡಿಸುತ್ತದೆ. ಸಣ್ಣ ಕೈಯೇ ಗೆಲ್ಲುವ ಕೈ. ಐದು ಎಲೆ. ಎಕ್ಕ ಇಲ್ಲಿ ರಾಜನಿಗಿಂತ ದೊಡ್ಡದು, ಅಂದರೆ ಬೇಡದ ಎಲೆ. ಜೋಡಿ, ಸೀಕ್ವೆನ್ಸ್, ಕಲರ್ ಯಾವುದೂ ಬೇಡ. ಎಲ್ಲಕ್ಕಿಂತ ಒಳ್ಳೆಯ ಕೈ 7-5-4-3-2. ಮೂರು ಸಲ ಎಲೆ ಬದಲಾಯಿಸಬಹುದು, ಒಂದೊಂದು ಸಲಕ್ಕೂ ಡ್ರಾ ಅಂತ ಹೆಸರು. ಬದಲಾಯಿಸದೆ ಹಾಗೇ ಕೂತರೆ ಅದಕ್ಕೆ ಪ್ಯಾಟ್ ಅನ್ನುತ್ತಾರೆ. ಕೂರಬಹುದಾದ ಕೈಯಿಂದಲೂ ಎಲೆ ಎಸೆದು ಬೇರೆ ತೆಗೆದರೆ ಅದು ಒಡೆಯುವುದು.

ಈಗ ನನ್ನ ತಕರಾರು. ನಾವೆಲ್ಲ ರಮ್ಮಿ ಆಡಿ ಬೆಳೆದವರು. ರಮ್ಮಿಯಲ್ಲಿ ನಿಮ್ಮ ಸರದಿ ಬಂತು ಅಂದರೆ ಒಂದು ಎಲೆ ಎತ್ತಲೇಬೇಕು, ಒಂದು ಎಸೆಯಲೇಬೇಕು. ಕೈಗೆ ಅದೇ ಚಾಳಿ. ಲೋಬಾಲ್‌ನಲ್ಲಿ ಸುಮ್ನೆ ಕೂರು ಅಂದರೆ ಬೆರಳು ತುರಿಸುತ್ತದೆ. ಇನ್ನು ಕೆಲವರದ್ದು ಉಲ್ಟಾ ಕಾಯಿಲೆ. ಜೋಡಿ ಇಲ್ಲದ ಐದು ಎಲೆ ಸಿಕ್ಕಿದ ತಕ್ಷಣ ಎದೆಗೆ ಅವಚಿಕೊಂಡು ಕೂತುಬಿಡುತ್ತಾರೆ, ವಿಂಡೋ ಸೀಟ್ ಸಿಕ್ಕಿತು ಅಂತ ಕಲ್ಯಾಣದ ಸ್ಲೋ ಲೋಕಲ್ ಬಿಟ್ಟು ಇಳಿಯದವರ ಹಾಗೆ. ಇಬ್ಬರೂ ನೋಡುವುದು ತಮ್ಮ ಕೈಯನ್ನು ಮಾತ್ರ. ನೋಡಬೇಕಾದದ್ದು ಎರಡು: ಎದುರಿನವರು ಎಷ್ಟು ಎಲೆ ತೆಗೆದರು, ಇನ್ನು ಎಷ್ಟು ಡ್ರಾ ಉಳಿದಿದೆ.

ಒಂದು ಲೆಕ್ಕ ಹೇಳುತ್ತೇನೆ. ಬೇಜಾರಾಗಬೇಡಿ, ಇದೇ ಇವತ್ತಿನ ಊಟ, ಉಳಿದದ್ದೆಲ್ಲ ಉಪ್ಪಿನಕಾಯಿ.

ನನ್ನ ಕೈ 10-8-6-4-3. ದೊಡ್ಡ ಎಲೆ 10, ಅದಕ್ಕೇ ಇದು ಹತ್ತರ ಕೈ. ಎದುರಿನವರ ಹತ್ತಿರ 7-5-3-2 ಇದೆ, ರಾಜನನ್ನು ಎಸೆದು ಒಂದು ಎಲೆ ತೆಗೆಯುತ್ತಾರೆ ಅಂದುಕೊಳ್ಳಿ. ಇಬ್ಬರ ಕೈಯ ಹತ್ತು ಎಲೆ ಬಿಟ್ಟರೆ ಉಳಿದದ್ದು 42. ಅವರಿಗೆ ಗೆಲುವು ತರುವ ಎಲೆ 4, 6, 8, 9, 10 (ಹತ್ತಕ್ಕೆ ಹತ್ತು ಸಮ ಆದರೂ ಮುಂದಿನ ಎಲೆ ಅವರದ್ದು 7, ನನ್ನದು 8). ನಾನು ಹಿಡಿದಿರುವುದನ್ನು ಕಳೆದರೆ ಒಟ್ಟು 16. ಅಂದರೆ ಕೊನೆಯ ಡ್ರಾ ಆಗಿದ್ದರೆ ನೂರಕ್ಕೆ 38 ಸಲ ಅವರು, 62 ಸಲ ನಾನು. ಇಂಥಾ ಕೈಯನ್ನು ಯಾರಾದರೂ ಒಡೆಯುತ್ತಾರಾ? ಸುಮ್ನೆ ಕೂರಬೇಕು.

ಈಗ ಅದೇ ಎಲೆಗಳು, ಆದರೆ ಇನ್ನೂ ಎರಡು ಡ್ರಾ ಬಾಕಿ. ಮೊದಲ ಸಲ ತಪ್ಪಿದರೂ ಅವರಿಗೆ ಇನ್ನೊಂದು ಸಲ ಇದೆ. ನಾನು ಎರಡೂ ಸಲ ಕದಲದೆ ಕೂತರೆ ಲೆಕ್ಕ ಪೂರ್ತಿ ತಿರುಗುತ್ತದೆ. ಅವರಿಗೆ 62, ನನಗೆ 38. ಒಂದು ಎಲೆಯೂ ಬದಲಾಗಿಲ್ಲ ನೋಡಿ! ಹೆಚ್ಚಿದ್ದು ಒಂದು ಡ್ರಾ ಅಷ್ಟೇ. ಇದನ್ನು ಮೊದಲ ಸಲ ಕಾಗದದ ಮೇಲೆ ಬರೆದ ದಿನ ನಾನು ಚಹಾ ಆರಲು ಬಿಟ್ಟಿದ್ದೆ.

ಹಾಗಂತ ಒಡೆಯುವುದು ಹಬ್ಬವೇನೂ ಅಲ್ಲ. 10 ಎಸೆದರೆ ನನ್ನ ಹತ್ತಿರ ಉಳಿಯುವುದು 8-6-4-3. ಎಂಟರ ಕೈ ಆಗಲು 2, 5 ಅಥವಾ 7 ಬೇಕು. ನನ್ನ ಕಣ್ಣಿಗೆ ಕಾಣದ 47ರಲ್ಲಿ ಅಂಥವು 12. ಹೆಚ್ಚು ಕಡಿಮೆ ನಾಲ್ಕಕ್ಕೆ ಒಂದು. ಅದಕ್ಕೇ ಕೊನೆಗೆ ಮಾತಾಡುವ ಜಾಗದಲ್ಲಿ ಕೂರುವುದು ದೊಡ್ಡ ಪುಣ್ಯ. ಎದುರಿನವರು ಒಂದು ಎಲೆ ತೆಗೆದದ್ದನ್ನು ನೋಡಿ ಆಮೇಲೆ ಕೂರಬಹುದು. ಅವರೇ ಪ್ಯಾಟ್ ಅಂದರೆ ಹತ್ತರ ಕೈಯ ಮೇಲೆ ಪ್ರೀತಿ ಕಮ್ಮಿ ಮಾಡಿಕೊಳ್ಳಬಹುದು. ನಾವೇ ಮೊದಲು ಹೇಳಬೇಕಾಗಿ ಬಂದರೆ ಕುರುಡಾಟ.

ಆದರೆ ಪ್ಯಾಟ್ ಅಂದವರೆಲ್ಲ ಸಾಚಾ ಅಲ್ಲ, ಅಲ್ವಾ? ಡಬ್ಬಾ ಕೈ ಹಿಡಿದು ಸುಳ್ಳೇ ಕೂರುವುದಕ್ಕೆ ಈ ಆಟದಲ್ಲಿ ಸ್ನೋ ಅನ್ನುತ್ತಾರೆ. ಹೋದ ತಿಂಗಳು ನಮ್ಮ ಶೆಟ್ರು ಅದನ್ನೇ ಮಾಡಿದರು. ಮೊದಲ ಡ್ರಾನಲ್ಲಿ ಒಂದೇ ಎಲೆ. ಎರಡನೆಯದರಲ್ಲಿ ಪ್ಯಾಟ್. ಮೂರನೆಯದರಲ್ಲೂ ಪ್ಯಾಟ್, ಮುಖದಲ್ಲಿ ಗಲ್ಲಾಪೆಟ್ಟಿಗೆ ಮುಂದೆ ಕೂತ ಗಾಂಭೀರ್ಯ. ನನ್ನ ಕೈಯಲ್ಲಿ ಇದೇ 10-8-6-4-3. ಶಾಸ್ತ್ರದ ಪ್ರಕಾರ ಒಡೆದೆ. ಗುಲಾಮ ಬಂದ. ಅವರು ಬೀಜದ ರಾಶಿಯನ್ನೇ ಮುಂದೆ ತಳ್ಳಿದರು, ನಾನು ಎಲೆ ಮಡಚಿದೆ.

"ಎಂಥಾ ಇತ್ತು ಶೆಟ್ರೇ?" ಅಂದೆ.

"ನೀವೇ ನೋಡಿ ಮಾರಾಯ್ರೇ" ಅಂತ ಬಿಚ್ಚಿಟ್ಟರು. 2ರ ಎಲೆ ಮೂರು, 7ರ ಎಲೆ ಒಂದು ಜೋಡಿ. ಲೋಬಾಲ್‌ನಲ್ಲಿ ಇದಕ್ಕಿಂತ ಕೆಟ್ಟ ಕೈ ಹುಡುಕಬೇಕು. ಆದರೆ ಬೇರೆಯವರಿಗೆ ಬೇಕಾದ ಎಲೆಯೆಲ್ಲ ಅವರ ಹತ್ತಿರವೇ ಇತ್ತು. ಯಾರಿಗೂ ಒಳ್ಳೆ ಕೈ ಆಗುವುದು ಕಷ್ಟ ಅಂತ ಅವರಿಗೆ ಮೊದಲೇ ಗೊತ್ತಿತ್ತು.

ಗುಲಾಮ ಹಿಡಿದ ನನ್ನ ಕೈಯೇ ಅವರದ್ದನ್ನು ಆರಾಮಾಗಿ ಸೋಲಿಸುತ್ತಿತ್ತು. ಬೀಜ ಹೋದದ್ದಕ್ಕೆ ಬೇಜಾರಿಲ್ಲ. ಮೂರು ಡ್ರಾ ಮುಗಿದಿತ್ತು, ನನ್ನ ಕೈಗೆ 2ರ ಎಲೆ ಒಂದೇ ಒಂದೂ ಬಂದಿರಲಿಲ್ಲ. ಅವೆಲ್ಲ ಎಲ್ಲಿ ಹೋದವು ಅಂತ ನಾನು ಒಂದು ಸಲವೂ ಕೇಳಿಕೊಳ್ಳಲಿಲ್ಲ.