ತಾರೀಖು ಹೇಳ್ರಿ, ರೊಕ್ಕ ಇಡ್ರಿ

ನಮಸ್ಕಾರ. ಹುಬ್ಬಳ್ಳಿಯಿಂದ ಮಾತಾಡುತ್ತಿದ್ದೇನೆ. ಇವತ್ತು ಬ್ಯಾಡಗಿ ಮೆಣಸಿನಕಾಯಿ ದರದ ಬಗ್ಗೆ ಮಾತಾಡೋಣ ಅಂತ ಹೇಳಿದ್ದೆ. ಅದು ಮುಂದಿನ ವಾರಕ್ಕೆ ಹೋಯಿತು. ಕಾರಣ ಒಂದು ಕಮೆಂಟ್. ಹೋದ ಎಪಿಸೋಡ್ ಕೆಳಗೆ ಒಬ್ಬರು ಬರೆದಿದ್ದಾರೆ: "ಹವಾಮಾನ ಒಪ್ಪಂದ ತಗೊಂಡು ನಾವೇನ್ ಮಾಡೋಣ್ರಿ? ಮೊದಲು ಹುಬ್ಬಳ್ಳಿ ರಸ್ತೆ ಗುಂಡಿ ಬಗ್ಗೆ ಮಾತಾಡ್ರಿ." ಅದಕ್ಕೆ ಸಿಕ್ಕಾಪಟ್ಟೆ ಲೈಕ್ ಬೇರೆ.

ತಮ್ಮಾ, ಗುಂಡಿ ಬಗ್ಗೆ ನಾಲ್ಕು ಎಪಿಸೋಡ್ ಮಾಡಿದ್ದೇನೆ. ಚಾನೆಲ್‌ನಲ್ಲೇ ಇವೆ, ನೋಡಿ. ಆದರೆ "ನಾವೇನ್ ಮಾಡೋಣ" ಅಂದೆಯಲ್ಲ, ಅದಕ್ಕೆ ಉತ್ತರ ಹೇಳದೆ ನಾನು ಇವತ್ತು ಮೈಕ್ ಬಿಡುವುದಿಲ್ಲ.

ನಮ್ಮ ಅವ್ವನ ತವರು ನರಗುಂದ ತಾಲ್ಲೂಕಿನಲ್ಲಿ, ಮಲಪ್ರಭಾ ದಂಡೆಗೆ. 2019ರ ಆಗಸ್ಟ್ ನೆನಪಿದೆ ಅಲ್ವಾ? ನವಿಲುತೀರ್ಥ ಡ್ಯಾಮ್ ತುಂಬಿ ನೀರು ಬಿಟ್ಟರು. ಕೊಣ್ಣೂರು ಮುಳುಗಿತು, ಸುತ್ತಲಿನ ಊರುಗಳೂ ಮುಳುಗಿದವು. ನಮ್ಮ ಸೋದರಮಾವ ಜೋಳದ ಚೀಲ ಅಟ್ಟದ ಮೇಲೆ ಏರಿಸಿಟ್ಟಿದ್ದರು. ನೀರು ಅಟ್ಟವನ್ನೂ ಮುಟ್ಟಿತು. ಇಳಿದ ಮೇಲೆ ಹೋಗಿ ನೋಡಿದರೆ ಮನೆ ತುಂಬ ಕೆಸರು, ಮೊಳೆತು ನಾರುವ ಜೋಳ. ನಾಲ್ಕು ವರ್ಷ ಬಿಟ್ಟು, 2023ರಲ್ಲಿ, ಅದೇ ಎರಿ ಹೊಲ ಬಿರುಕು ಬಿಟ್ಟಿತ್ತು. ಬಿರುಕಿನಲ್ಲಿ ಕೈ ಇಟ್ಟರೆ ಮೊಣಕೈ ತನಕ ಇಳಿಯುತ್ತಿತ್ತು. ಆ ವರ್ಷ ರಾಜ್ಯದ 236 ತಾಲ್ಲೂಕುಗಳ ಪೈಕಿ 223ರಲ್ಲಿ ಬರ ಘೋಷಣೆ ಆಯಿತು. ಒಂದೇ ಹೊಲ. ಒಮ್ಮೆ ನೀರಿಗೆ ಹೋಯಿತು, ಒಮ್ಮೆ ನೀರಿಲ್ಲದೆ ಹೋಯಿತು.

ಬರ ನೆರೆ ಮೊದಲೂ ಇದ್ದವು, ನನಗೆ ಗೊತ್ತು. ಆದರೆ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಜಾಸ್ತಿ ನೀರಾವಿ ಹಿಡಿದುಕೊಳ್ಳುತ್ತದೆ. ಹಿಡಿದುಕೊಂಡದ್ದನ್ನು ಒಮ್ಮೆಲೇ ಸುರಿಯುತ್ತದೆ. ಸುರಿಯದ ದಿನಗಳಲ್ಲಿ ಅದೇ ಬಿಸಿ ನೆಲದ ತೇವ ಹೀರುತ್ತದೆ. ಈ ಬಿಸಿ ಏರಿದ್ದು ನಮ್ಮ ಮಾವನ ಒಲೆಯಿಂದಲ್ಲ. ನೂರೈವತ್ತು ವರ್ಷಕ್ಕೂ ಜಾಸ್ತಿ ಕಲ್ಲಿದ್ದಲು, ಎಣ್ಣೆ ಸುಟ್ಟು ಶ್ರೀಮಂತರಾದ ದೇಶಗಳಿಂದ.

ಈಗ ನನ್ನ ಮಾತು ಕೇಳಿ. ನಮ್ಮ ಓಣಿಯಲ್ಲಿ ಒಂದು ಕಿರಾಣಿ ಅಂಗಡಿ ಇದೆ. ಕಾಕಾ ಉದ್ರಿ ಕೊಡುತ್ತಾರೆ. ಆದರೆ ಒಂದು ಷರತ್ತು. ಪುಸ್ತಕದಲ್ಲಿ ಹೆಸರು ಬರೆಯುವ ಮೊದಲು ಕೇಳುತ್ತಾರೆ, "ತಾರೀಖು ಹೇಳ್ರಿ." ತಾರೀಖು ಬಂತು ಅಂದರೆ, "ರೊಕ್ಕ ಇಡ್ರಿ." ಇಷ್ಟೇ. ಜಗತ್ತಿನ ಹವಾಮಾನ ಒಪ್ಪಂದಗಳಲ್ಲಿ ಬೇಕಾಗಿರುವುದೂ ಇಷ್ಟೇ. ತಾರೀಖು ಹೇಳ್ರಿ, ರೊಕ್ಕ ಇಡ್ರಿ.

ಲೆಕ್ಕ ತೆಗೆಯೋಣ. 2009, ಕೋಪನ್‌ಹೇಗನ್, ಜಗತ್ತಿನ ದೇಶಗಳೆಲ್ಲ ಸೇರುವ ವಿಶ್ವಸಂಸ್ಥೆಯ ಹವಾಮಾನ ಸಭೆ. ಬಡ ದೇಶಗಳಿಗೆ ವರ್ಷಕ್ಕೆ 10,000 ಕೋಟಿ ಡಾಲರ್, 2020ರ ಹೊತ್ತಿಗೆ, ಅಂದರು. 2020 ಬಂತು, ರೊಕ್ಕ ಪೂರ್ತಿ ಬರಲಿಲ್ಲ. ಶ್ರೀಮಂತ ದೇಶಗಳ ತಮ್ಮದೇ ಲೆಕ್ಕದ ಪ್ರಕಾರ ಅದು ತುಂಬಿದ್ದು 2022ರಲ್ಲಿ. ಅದರಲ್ಲೂ ದೊಡ್ಡ ಪಾಲು ಸಾಲ. ಮನೆ ಮುಳುಗಿಸಿದವನು ಬಂದು ಮನೆ ಕಟ್ಟಲು ಬಡ್ಡಿಗೆ ಸಾಲ ಕೊಟ್ಟರೆ ಅದಕ್ಕೆ ಪರಿಹಾರ ಅನ್ನುತ್ತೀರಾ?

ಆಮೇಲೆ 2024, ಅಜರ್‌ಬೈಜಾನ್‌ನ ಬಾಕುನಲ್ಲಿ ಅದೇ ಸಭೆ. ಬಡ ದೇಶಗಳು ಬೇಕು ಅಂತ ಕೇಳಿದ್ದು ವರ್ಷಕ್ಕೆ 1.3 ಲಕ್ಷ ಕೋಟಿ ಡಾಲರ್. ಒಪ್ಪಿದ್ದು 30,000 ಕೋಟಿ, ಅದೂ 2035ರ ಹೊತ್ತಿಗೆ. ತೀರ್ಮಾನ ಆಯಿತು ಅಂತ ಸುತ್ತಿಗೆ ಬಡಿದ ಕೂಡಲೇ ನಮ್ಮ ದೇಶದ ಪ್ರತಿನಿಧಿ ಅದೇ ಸಭೆಯಲ್ಲಿ ಎದ್ದು ಒಪ್ಪಲ್ಲ ಅಂದರು. ಆವತ್ತು ನನಗೆ ಹೆಮ್ಮೆ ಆಯಿತು. 2025ರ ನವೆಂಬರ್‌ನಲ್ಲಿ ಬ್ರೆಜಿಲ್‌ನ ಬೆಲೆಂನಲ್ಲಿ ಸೇರಿದರು. ನೆರೆ, ಬರ ತಾಳಿಕೊಳ್ಳಲು ಕೊಡುವ ಹಣ ಮೂರು ಪಟ್ಟು ಮಾಡಲು ಪ್ರಯತ್ನ ಮಾಡೋಣ ಅಂದರು. ಯಾವಾಗ? ಮತ್ತೆ 2035. ನಮ್ಮ ಕಾಕಾ ಇಂಥ ಗಿರಾಕಿಗೆ ಒಂದು ಕೆಜಿ ಸಕ್ಕರೆಯನ್ನೂ ಕೊಡುವುದಿಲ್ಲ.

"ಇಂಥ ಒಪ್ಪಂದ ಎಂದೂ ಕೆಲಸ ಮಾಡಲ್ಲ ಬಿಡ್ರಿ" ಅನ್ನುವವರಿದ್ದಾರೆ. ಅವರಿಗೆ ನನ್ನದು ಒಂದೇ ಉತ್ತರ: ನಿಮ್ಮ ಮನೆಯ ಫ್ರಿಜ್ ನೋಡಿ. ಹಳೇ ಫ್ರಿಜ್‌ನಲ್ಲಿ ಆರ್-12 ಅನ್ನೋ ಗ್ಯಾಸ್ ಇರುತ್ತಿತ್ತು. ಅಂಥ ಗ್ಯಾಸ್‌ಗಳು ಓಝೋನ್ ಪದರವನ್ನು ತಿನ್ನುತ್ತಿದ್ದವು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್‌ನಲ್ಲಿ ಒಪ್ಪಂದ ಆಯಿತು. ಯಾವ ಗ್ಯಾಸ್, ಎಷ್ಟು, ಯಾವ ವರ್ಷದೊಳಗೆ ಕಡಿಮೆ ಆಗಬೇಕು, ಎಲ್ಲ ಬರೆದರು. ಸೇರದ ದೇಶದ ಜೊತೆ ಆ ಗ್ಯಾಸ್ ವ್ಯಾಪಾರ ಇಲ್ಲ ಅಂದರು. ಭಾರತ, ಚೀನಾ ಏನು ಮಾಡಿದವು ಗೊತ್ತಾ? ರೊಕ್ಕದ ಮಾತು ಆಗದೆ ಸಹಿ ಹಾಕಲ್ಲ ಅಂತ ಕೂತವು. ಆಗ ನಮ್ಮ ಪರಿಸರ ಸಚಿವೆ ಮೇನಕಾ ಗಾಂಧಿ. 1990ರಲ್ಲಿ ಲಂಡನ್ ಸಭೆಯಲ್ಲಿ ಬಡ ದೇಶಗಳು ಆ ಗ್ಯಾಸ್ ಬಿಡಲು ನೆರವಾಗುವ ಒಂದು ನಿಧಿಗೆ ಶ್ರೀಮಂತ ದೇಶಗಳು ಒಪ್ಪಿದವು. 1992ರಲ್ಲಿ ಭಾರತ ಸೇರಿತು. ಈಗ ಜಗತ್ತಿನ ಎಲ್ಲ ದೇಶಗಳೂ ಅದರಲ್ಲಿವೆ. ಓಝೋನ್ ಪದರ ಹೆಚ್ಚಿನ ಕಡೆ 2040ರ ಸುಮಾರಿಗೆ 1980ರ ಮಟ್ಟಕ್ಕೆ ಮರಳುತ್ತದೆ, ಅಂಟಾರ್ಕ್ಟಿಕಾ ಮೇಲೆ 2066ರ ಸುಮಾರಿಗೆ ಅಂತ ವಿಜ್ಞಾನಿಗಳು ಹೇಳುತ್ತಾರೆ. ಯಾಕೆ ಆಯಿತು? ತಾರೀಖು ಹೇಳಿದರು, ರೊಕ್ಕ ಇಟ್ಟರು!

ನಡುವೆ ಒಂದು ಮಾತು. ಇಷ್ಟು ಹೊತ್ತು ಕೇಳಿದವರು ದಯವಿಟ್ಟು ಚಾನೆಲ್ ಸಬ್‌ಸ್ಕ್ರೈಬ್ ಮಾಡಿ. ಕೇಳುವವರಲ್ಲಿ ಅರ್ಧಕ್ಕರ್ಧ ಜನ ಮಾಡಿಲ್ಲ. ಭಾನುವಾರ ಸಂಜೆ ಲೈವ್ ಇದೆ, ಗಿರ್ಮಿಟ್ ತಿನ್ನುತ್ತಾ ಮಾತಾಡೋಣ.

ಈಗ ಪ್ಯಾರಿಸ್ ಹವಾಮಾನ ಒಪ್ಪಂದಕ್ಕೆ ಬರೋಣ. 2015. ಹೊಗೆ ಕಡಿಮೆ ಮಾಡುವ ಒಪ್ಪಂದ. ಯಾವ ದೇಶ ಎಷ್ಟು ಕಡಿಮೆ ಮಾಡಬೇಕು ಅಂತ ಅದೇ ಬರೆದುಕೊಳ್ಳುತ್ತದೆ. ಮಾಡದಿದ್ದರೆ ದಂಡ ಇಲ್ಲ. ಅಮೆರಿಕ 2020ರಲ್ಲಿ ಹೊರಗೆ ಹೋಯಿತು, 2021ರಲ್ಲಿ ಒಳಗೆ ಬಂತು, 2025ರ ಜನವರಿಯಲ್ಲಿ ಮತ್ತೆ ಹೊರಡುತ್ತೇವೆ ಅಂತ ಆದೇಶ ಹೊರಡಿಸಿತು. ನಾವು? 2030ಕ್ಕೆ ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧದಷ್ಟು ಕಲ್ಲಿದ್ದಲು, ಎಣ್ಣೆ, ಗ್ಯಾಸ್ ಬಿಟ್ಟು ಬೇರೆ ಮೂಲದ್ದು ಇರಬೇಕು ಅಂತ ಬರೆದುಕೊಟ್ಟಿದ್ದೆವು. 2025ರಲ್ಲೇ ಮುಟ್ಟಿದೆವು. ಗದಗ ಜಿಲ್ಲೆಯಲ್ಲಿ ಓಡಾಡಿ ನೋಡಿ, ಗುಡ್ಡದ ಮೇಲೆ, ಹೊಲದ ನಡುವೆ ಎಷ್ಟೊಂದು ಗಾಳಿ ಫ್ಯಾನ್ ತಿರುಗುತ್ತಿವೆ. ನಮ್ಮ ಪಾಲು ನಾವು ಮಾಡುತ್ತಿದ್ದೇವೆ. ಅವರ ಪಾಲು ಎಲ್ಲಿ?

"ಭಾರತವೂ ಹೊಗೆ ಬಿಡುತ್ತದೆ ಅಲ್ವಾ" ಅಂತ ಇನ್ನೊಬ್ಬರು. ಬಿಡುತ್ತದೆ. ನಮ್ಮಲ್ಲಿ ತಲೆಗೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್, ಅಮೆರಿಕದಲ್ಲಿ 14 ಟನ್ ಸುಮಾರು. ಮುಗಿಯಿತು, ಮುಂದಕ್ಕೆ ಹೋಗೋಣ.

"ಮೂರು ರಾಜ್ಯ ಒಂದು ಮಹದಾಯಿ ಹಂಚಿಕೊಳ್ಳಲು ಆಗಲಿಲ್ಲ, ಇನ್ನು ಇಡೀ ಜಗತ್ತು ಎಲ್ಲಿ ಒಪ್ಪುತ್ತದೆ?" ಇದನ್ನು ನವಲಗುಂದದವರು ಬರೆದಿದ್ದಾರೆ. ಅವರ ನೋವು ನನ್ನದೂ ಹೌದು. 2010ರಲ್ಲಿ ನ್ಯಾಯಮಂಡಳಿ ಆಯಿತು, 2018ರಲ್ಲಿ ತೀರ್ಪು ಬಂತು. ಕರ್ನಾಟಕಕ್ಕೆ 13.42 ಟಿಎಂಸಿ ಅಂತ ಹಾಳೆಯಲ್ಲಿದೆ. 2015ರಲ್ಲಿ ನರಗುಂದದಲ್ಲಿ ರೈತರು ಧರಣಿ ಕೂತರು, ವರ್ಷಗಟ್ಟಲೆ ಕೂತರು. ಮಲಪ್ರಭೆಗೆ ಇನ್ನೂ ಆ ನೀರು ಬಂದಿಲ್ಲ. ಅಣ್ಣಾ, ನಾನು ಹೇಳುತ್ತಿರುವುದೂ ಅದನ್ನೇ! ಹಾಳೆ ಸಾಲದು. ತಾರೀಖು ಬೇಕು!

ಇನ್ನೊಂದು ಲೆಕ್ಕ ಹೇಳುತ್ತೇನೆ. ಇದನ್ನು ಹೇಳುವಾಗ ನನ್ನ ಕೈ ನಡುಗುತ್ತದೆ. ಹವಾಮಾನದಿಂದ ಹಾಳಾದವರಿಗೆ ಪರಿಹಾರ ಕೊಡಲು ಒಂದು ನಿಧಿ ಮಾಡುತ್ತೇವೆ ಅಂತ 2022ರಲ್ಲಿ ಈಜಿಪ್ಟ್‌ನಲ್ಲಿ ಒಪ್ಪಿದರು. 2023ರಲ್ಲಿ ದುಬೈನಲ್ಲಿ ದೇಶಗಳು ಅದಕ್ಕೆ ಕೊಡುತ್ತೇವೆ ಅಂದದ್ದು ಸುಮಾರು 70 ಕೋಟಿ ಡಾಲರ್. ರೂಪಾಯಿಯಲ್ಲಿ ಆರು ಸಾವಿರ ಕೋಟಿ ಆಸುಪಾಸು. ಇಡೀ ಜಗತ್ತಿಗೆ. ಅದೇ ವರ್ಷದ ಬರಕ್ಕೆ ಕರ್ನಾಟಕ ಒಂದೇ ಕೇಂದ್ರದ ಹತ್ತಿರ ಕೇಳಿದ್ದು 18,171 ಕೋಟಿ ರೂಪಾಯಿ. ಒಂದು ರಾಜ್ಯ. ಒಂದು ವರ್ಷ. ಒಂದು ಬರ. ಜಗತ್ತೆಲ್ಲ ಸೇರಿ ಹೇಳಿದ ರೊಕ್ಕದ ಮೂರು ಪಟ್ಟು!

ಇದನ್ನು ನೋಡಿಯೂ "ನಾವೇನ್ ಮಾಡೋಣ" ಅನ್ನುತ್ತೀರಾ? ಹಾವೇರಿಯಲ್ಲಿ ಮೆಣಸಿನಕಾಯಿ ಒಣಹಾಕಿದಾಗ ಮಳೆ ಬಂದರೆ ಯಾರಿಗೆ ಹೊಡೆತ? ನವಲಗುಂದದಲ್ಲಿ ಹೆಸರುಕಾಯಿ ಬಿಡಿಸುವ ಹೊತ್ತಿಗೆ ಎಂಟು ದಿನ ಜಿಟಿಜಿಟಿ ಹಿಡಿದರೆ ಯಾರಿಗೆ? ಬೆಣ್ಣಿಹಳ್ಳ ಉಕ್ಕಿದರೆ ಯಾರಿಗೆ? ನಮಗೇ ಅಲ್ವಾ? ಮತ್ತೆ ಕೇಳಬೇಕಾದವರು ಯಾರು?

ಕೇಳಬೇಕು. ಗಟ್ಟಿಯಾಗಿ ಕೇಳಬೇಕು. ಎಂಪಿ ಊರಿಗೆ ಬಂದರೆ ಗುಂಡಿ ಬಗ್ಗೆಯೂ ಕೇಳಿ, ಇದರ ಬಗ್ಗೆಯೂ ಕೇಳಿ. ಮುಂದಿನ ಸಭೆಯಲ್ಲಿ ನಮ್ಮವರು ಏನು ಕೇಳುತ್ತಾರೆ, ಎಷ್ಟು ಕೇಳುತ್ತಾರೆ ಅಂತ ಕೇಳಿ. ತಾರೀಖು ಹೇಳ್ರಿ! ರೊಕ್ಕ ಇಡ್ರಿ! ಸಾಲ ಬೇಡ, ಭಾಷಣ ಬೇಡ, 2035 ಬೇಡ. ನಮ್ಮ ಮಾವನಿಗೆ ಈಗ ಅರವತ್ತೆಂಟು. ಅವರು 2035ರ ತನಕ ಯಾಕೆ ಕಾಯಬೇಕು? ಯಾಕೆ?

ಸರಿ. ನೀರು ಕುಡಿಯುತ್ತೇನೆ.

ನಿಮ್ಮ ಹೊಲದಲ್ಲಿ, ನಿಮ್ಮ ಓಣಿಯಲ್ಲಿ ಮಳೆಯಿಂದ ಅಥವಾ ಬರದಿಂದ ಏನಾಯಿತು ಅಂತ ಕಮೆಂಟ್‌ನಲ್ಲಿ ಬರೆಯಿರಿ. ಊರು ಬರೆಯಿರಿ, ಯಾವ ವರ್ಷ, ಎಷ್ಟು ಎಕರೆ ಬರೆಯಿರಿ. ಭಾನುವಾರದ ಲೈವ್‌ನಲ್ಲಿ ಒಂದೊಂದಾಗಿ ಓದುತ್ತೇನೆ. ಗುಂಡಿ ಕಮೆಂಟ್ ಹಾಕಿದ ತಮ್ಮಾ, ನೀನೂ ಬಾ. ನಿನ್ನದನ್ನೇ ಮೊದಲು ಓದುತ್ತೇನೆ.